ಒಂದು ಬೆರಳಿನಷ್ಟು ಸಡಿಲ

ನಂಗಲಿ ಬಿಡುವ ಮೊದಲೇ ಅವ್ವನ ತಕರಾರು:
"ಕದ್ದ ಕರುವಿನ ಹಾಗೆ ಕಟ್ಟಿಹಾಕ್ತೀಯಲ್ಲೇ ಮಗೂನ,
ನನ್ನ ಮಡಿಲಿಗೇನು ಬಂತು ರೋಗ?"
ನಾನು ಮಾತಾಡಲಿಲ್ಲ.
ಬಿಸಿಲಿಗೆ ಕಾದ ಬಕಲನ್ನು ಅಂಗೈಯಲ್ಲಿ ಹಿಡಿದು
ಮೊದಲು ನಾನು ಸುಟ್ಟುಕೊಂಡು, ಊದಿ ಆರಿಸಿ,
ಮೋಕ್ಷಿತಳ ಎದೆಯ ಮೇಲೆ ಕ್ಲಿಕ್ಕೆನಿಸಿದೆ.
ಪಟ್ಟಿಗೂ ಎದೆಗೂ ನಡುವೆ ಒಂದು ಬೆರಳು ತೂರಬೇಕು,
ಎರಡು ತೂರಬಾರದು.

ಚೀಟಿ ಎತ್ತಿದ ದುಡ್ಡಿನ ಸೀಟು.
"ಒಂದು ಜೊತೆ ಓಲೆ ಬರ್ತಿತ್ತು" ಅಂದಿದ್ದಳು ಅವ್ವ.
ಬೀದಿಯ ಹೆಂಗಸರು ಬಂದು ಒತ್ತಿ ನೋಡಿ ನಕ್ಕು ಹೋದರು.
ಗಾರೆ ಕೆಲಸದ ನಾಗವೇಣಿ ಮಾತ್ರ ಕೇಳಿದಳು,
"ನಮ್ ಟ್ರ್ಯಾಕ್ಟರಿಗೆ ಕೂರುತ್ತಾ ಅಕ್ಕಾ ಇದು?"
ಅವಳಿಗೆ ನಾನಿನ್ನೂ ಉತ್ತರ ಕೊಟ್ಟಿಲ್ಲ.

ಹಿಂದಕ್ಕೆ ಮುಖ ಮಾಡಿ ಕೂತಿದ್ದಾಳೆ ಮಗಳು.
ಅವಳಿಗೆ ಊರುಗಳು ಬರುವುದಿಲ್ಲ, ಹೋಗುತ್ತವೆ.
ವಡ್ಡಹಳ್ಳಿ ಹೋಯಿತು, ಟೊಮೆಟೊ ಮಂಡಿ ಹೋಯಿತು,
ಕುರುಡುಮಲೆಯ ಬೆಟ್ಟ ಬಹಳ ಹೊತ್ತು ಹೋಗುತ್ತಲೇ ಇತ್ತು.
ಹಿಂದೆ ಬರುವ ಲಾರಿಗೆಲ್ಲ ಕೈಬೀಸಿ
"ಲಾಲಿ! ಲಾಲಿ!" ಎಂದು ಕೂಗುತ್ತಾಳೆ.
ಹದಿನಾಲ್ಕು ಚಕ್ರದ ಲಾಲಿ, ಹಾರ್ನು ಹೊಡೆಯುವ ಲಾಲಿ,
ಯಾವುದಕ್ಕೂ ನಿದ್ದೆ ಮಾತ್ರ ಇಲ್ಲ.

ಡಬ್ಬಿಯಲ್ಲಿ ಸೀಳಿದ ಬಾಳೆಹಣ್ಣು, ಮೆತ್ತನೆ ಇಡ್ಲಿ ಚೂರು.
ಕಡಲೆಬೀಜ ಬೇಡ, ಇಡೀ ದ್ರಾಕ್ಷಿ ಬೇಡ,
ಗಾಡಿಗೆ ಬ್ರೇಕಿದೆ, ಗಂಟಲಿಗಿಲ್ಲ.
ಕಿಟಕಿಗೆ ಅವ್ವನ ಹಳೇ ಸೀರೆಯ ತುಂಡು ನೆರಳು.
ಎಡಗಾಲಿನ ಚಪ್ಪಲಿ ಮುಳಬಾಗಿಲಿಗೆ ಮೊದಲೇ ಮಾಯ.

ಆಮೇಲೆ ಅಳು. ಬೆನ್ನು ಬಿಲ್ಲಾಗಿಸಿ, ಮುಖ ಕೆಂಪಾಗಿಸಿ.
"ಐದೇ ನಿಮಿಷ ಬಿಚ್ಚಿ ಕೊಡು, ನಾನಿಲ್ವಾ?"
ಇಲ್ಲ ಅವ್ವ. ಬಕಲು ಬಿಚ್ಚುವ ಮೊದಲು
ಚಕ್ರ ನಿಲ್ಲಬೇಕು.
ಹುಣಸೆಮರದಡಿ ನಿಲ್ಲಿಸಿ ಇಳಿಸಿದೆ.
ಹತ್ತು ನಿಮಿಷ ಬರಿಗಾಲಲ್ಲಿ ಕಲ್ಲು ಆರಿಸಿದಳು,
ಮೂರನೆಯದನ್ನು ಬಾಯಿಗೆ ಹಾಕಿಕೊಳ್ಳುವಷ್ಟರಲ್ಲಿ ಕಿತ್ತುಕೊಂಡೆ.
ಮತ್ತೆ ಕ್ಲಿಕ್ಕು. ಮತ್ತೆ ಒಂದು ಬೆರಳು.

ಮುಳಬಾಗಿಲು ದಾಟಿದ ಮೇಲೆ
ಮುಂದಿನ ಕ್ಯಾಂಟರಿನ ಹಗ್ಗ ಕಿತ್ತು
ಒಂದು ಕ್ರೇಟು ಬಿತ್ತು. ಮತ್ತೊಂದು.
ಶಾಲೆ ಬಿಟ್ಟ ಮಕ್ಕಳ ಹಾಗೆ ಟೊಮೆಟೊ
ರಸ್ತೆ ತುಂಬ ಚೆಲ್ಲಾಪಿಲ್ಲಿ ಓಡಿ ಬಂದವು.
ನನಗಿಂತ ಮೊದಲು ನನ್ನ ಕಾಲು ತುಳಿಯಿತು.

ಅವ್ವನ ಮಂಡಿ ಮುಂದಿನ ಸೀಟಿಗೆ ಬಡಿಯಿತು.
ತೋಳು ಮಾತ್ರ ಅಡ್ಡ ಚಾಚಿ
ಯಾರನ್ನೋ ಹಿಡಿಯಲು ಹೋಗಿ
ಗಾಳಿಯನ್ನು ಹಿಡಿದು ನಿಂತಿತು.
ಎಂಜಿನ್ನು ಕೆಮ್ಮಿ ಆರಿತು.
ಆ ಸದ್ದಿಲ್ಲದಲ್ಲಿ, ಸೀಟಿನ ಆಳದಿಂದ ಒಂದು ಪುಟ್ಟ ದನಿ:
"ಇನ್ನೊಂಚಲ!"

ಬದಿಗೆ ನಿಲ್ಲಿಸಿದೆ. ಕೈ ನಡುಗುತ್ತಿತ್ತು.
ಕನ್ನಡಿಯಲ್ಲಿ ಅವ್ವ, ಪೊರೆ ಬಂದ ಆ ಕಣ್ಣಲ್ಲಿ,
ನನ್ನ ಹುಬ್ಬನ್ನೇ ನೋಡುತ್ತಿದ್ದಳು.
"ಆ ಗಾಯ..." ಅಂದಳು.
ಹೊಸಿಲು ಎಡವಿ ಬಿದ್ದಿದ್ದು ತಾನೇ?
"ಆ ಗುಡಿಸಲಿಗೆ ಹೊಸಿಲೆಲ್ಲಿತ್ತು ಕಣೇ."

ಕ್ಯಾಂಟರಿನ ಹುಡುಗ ಹಣ್ಣು ಆಯುತ್ತಿದ್ದ,
ಒಡೆದದ್ದು ಒಂದು ಕಡೆ, ಒಡೆಯದ್ದು ಒಂದು ಕಡೆ.

"ನಿಮ್ಮಪ್ಪನ ಮೆಟಡಾರು. ನಾನು ಮುಂದೆ ಕೂತಿದ್ದೆ.
ಗಟ್ಟಿಯಾಗೇ ಹಿಡಿದಿದ್ದೆ.
ಎರಡೂ ಕೈಯಲ್ಲಿ."

ಅಷ್ಟೇ. ಮುಂದೆ ನಾನೂ ಕೇಳಲಿಲ್ಲ.
ಸ್ವಲ್ಪ ಹೊತ್ತಾದ ಮೇಲೆ, ಸೀಟಿನ ಸಂದಿಯಲ್ಲಿ ತಡಕಾಡುತ್ತ,
"ನನ್ನದನ್ನ ಎಲ್ಲಿ ಸಿಗಿಸೋದು? ಕಾಣಲ್ಲ" ಅಂದಳು.
ಇಳಿದು ಹೋಗಿ, ಅವಳ ಬೆರಳ ಮೇಲೆ ಬೆರಳಿಟ್ಟು ಸಿಗಿಸಿದೆ.
"ಕಿಕ್ಕು!" ಎಂದು ಮಗಳು ಚಪ್ಪಾಳೆ ತಟ್ಟಿದಳು.

ತಮಕದ ಕಣ್ಣಾಸ್ಪತ್ರೆಗೆ ಇನ್ನೂ ಅರ್ಧ ಗಂಟೆ.
ಕೋಲಾರದ ಬೆಟ್ಟ ನನಗೆ ಬರುತ್ತಿದೆ.
ಹೋಗುವುದನ್ನೆಲ್ಲ ನೋಡಿ ಸುಸ್ತಾದವಳು
ಬಾಯಿ ತೆರೆದು ಮಲಗಿದ್ದಾಳೆ.
ಅವ್ವ ಅವಳನ್ನು ಮಡಿಲಿಗೆ ಕೇಳುತ್ತಿಲ್ಲ,
ಪಟ್ಟಿಯ ಕೆಳಗೆ ಒಂದು ಬೆರಳು ತೂರಿಸಿ
ಹಾಗೇ ಇಟ್ಟುಕೊಂಡು ಕೂತಿದ್ದಾಳೆ.

ಎಡಗಾಲಿನ ಚಪ್ಪಲಿ ಇನ್ನೂ ಸಿಕ್ಕಿಲ್ಲ.